ಕೆಳಗೆ ಮುಖ ಮಾಡಿದ ಫ್ಯಾನು

ಮಾನ್ವಿ
೧೪ ಸೆಪ್ಟೆಂಬರ್ ೨೦೨೫, ಭಾನುವಾರ

ಪ್ರೀತಿಯ ತಮ್ಮ ಗುರುಸಿದ್ದನಿಗೆ,

ನಾನು ನಿನ್ನ ಅಕ್ಕ ಭಾಗ್ಯಜ್ಯೋತಿ. ಅಕ್ಷರದ ಗುರುತು ಸಿಕ್ಕ ಕೂಡಲೇ ಮಡಚಿ ಜೇಬಿಗೆ ಹಾಕಬೇಡ, ಕೊನೆಯವರೆಗೆ ಓದು. ಮೊದಲು ನಿನ್ನ ಹಿಮ್ಮಡಿ ಹೇಗಿದೆ ಹೇಳು. ಜಾಲಿಮುಳ್ಳು ಮುರಿದು ಒಳಗೇ ಉಳಿದಿದೆ ಎಂದು ಮಾವ ಹೇಳಿದ್ದ. ತೆಗೆಸಿದೆಯಾ, ಅಥವಾ ಅದನ್ನೂ ಹಟಕ್ಕೆ ಇಟ್ಟುಕೊಂಡು ತಿರುಗುತ್ತಿದ್ದೀಯಾ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ? ಕುರಿಯ ಹಿಂದೆ ಹೋದವರಿಗೆ ಹಾಲಿಗೆ ಬರವಿಲ್ಲ, ಪಲ್ಯಕ್ಕೆ ಬರ ಎಂದು ಅಪ್ಪ ಹೇಳುತ್ತಿದ್ದ. ಅದಕ್ಕೇ ಅವ್ವ ಒಳಗೆ ಪುಂಡಿಪಲ್ಯ ಮಾಡುತ್ತಿದ್ದಾಳೆ, ರೊಟ್ಟಿಯ ಜೊತೆ ಕಟ್ಟಿ ಕಳಿಸುತ್ತಾಳಂತೆ. ನಾವು ಇಲ್ಲಿ ಚೆನ್ನಾಗಿದ್ದೇವೆ ಎಂದು ಬರೆಯುವುದು ವಾಡಿಕೆ. ಬರೆದೆ, ಓದಿದೆ, ಹೊಡೆದು ಹಾಕಿದೆ. ಮೇಲೆ ಕಾಣುವ ಗೀಚು ಅದೇ. ಅವ್ವನಿಗೆ ಮಂಡಿನೋವು ಬಿಟ್ಟರೆ ಬೇರೇನೂ ಇಲ್ಲ. ನನಗೆ ಕಾಯಿಲೆ ಇಲ್ಲ, ನಿದ್ದೆಯೂ ಇಲ್ಲ.

ಈ ಕಾಲದಲ್ಲಿ ಕಾಗದ ಬರೆಯುವ ಹುಚ್ಚಿ ಯಾರು ಎಂದು ನಗಬೇಡ. ನಿನ್ನ ಫೋನು ನನ್ನ ಮೇಜಿನ ಖಾನೆಯಲ್ಲಿದೆ, ನೀನೇ ಬಿಟ್ಟು ಹೋದದ್ದು. ಮಾವನ ಫೋನಿಗೆ ಎಷ್ಟು ಸಲ ಮಾಡಿದೆ ಎಂಬುದು ನನಗೇ ನೆನಪಿಲ್ಲ. ಪ್ರತಿ ಸಲ ದುರುಗಪ್ಪ ಮಾವನದು ಅದೇ ಮಾತು: "ಅವ ಬರೂದಿಲ್ಲ ಅಂತಾನವಾ. ಕುರಿ ಮುಂದ ಹೋಗ್ಯಾವ ಅಂತ ಹೊಂಟುಬಿಟ್ಟ." ನಿನ್ನೆ ಮಾತ್ರ ಮಾವ ಇನ್ನೂ ಎರಡು ಮಾತು ಹೇಳಿದ. ಯಾಪಲದಿನ್ನಿಯ ಸುತ್ತ ಎಲ್ಲ ಹೊಲಗಳಲ್ಲಿ ಬೆಳೆ ನಿಂತಿದೆ, ಕುರಿಗೆ ಕಾಲಿಡಲು ಜಾಗವಿಲ್ಲ, ಮಂಗಳವಾರ ಹಿಂಡು ಗಡಿ ದಾಟಿ ಗದ್ವಾಲದ ಕಡೆ ಹೋಗುತ್ತದೆ, ಯುಗಾದಿಯವರೆಗೆ ಈ ಕಡೆ ಬರುವುದಿಲ್ಲ. ಎರಡನೆಯದು, ನಿನ್ನ ಹೆಸರಿಗೆ ಇಪ್ಪತ್ತು ಕುರಿ ಬಿಟ್ಟು ನಿನ್ನನ್ನು ಅಲ್ಲೇ ನಿಲ್ಲಿಸಿಕೊಳ್ಳುತ್ತಾನಂತೆ. ಕುರಿ ಕಾಯುವುದು ಕೀಳು ಎಂದು ನಾನು ಅನ್ನುವುದಿಲ್ಲ, ಅಪ್ಪ ಕಾಯ್ದದ್ದರಿಂದಲೇ ನಾವಿಬ್ಬರೂ ಓದಿದ್ದು. ಇಷ್ಟಪಟ್ಟು ಹೋಗಿದ್ದರೆ ನಾನೇ ನಿನಗೆ ಹೊಸ ಕೋಲು ಕೊಡಿಸುತ್ತಿದ್ದೆ. ನೀನು ಇಷ್ಟಪಟ್ಟು ಹೋಗಿಲ್ಲ. ಮಾವನ ಬ್ಯಾಟ್ರಿ ಲೈಟು ಹತ್ತುತ್ತಿಲ್ಲ ಎಂದು ನಿನ್ನ ಕೈಗೆ ಕೊಟ್ಟರೆ, "ನನ್ನ ಕೈ ಛಲೋ ಇಲ್ಲ ಮಾವಾ, ನಾ ಮುಟ್ಟಿದ್ದು ಉಳಿಯೂದಿಲ್ಲ" ಎಂದೆಯಂತೆ. ಜುಲೈಯಿಂದ ಒಂದು ತಂತಿಯನ್ನೂ ಮುಟ್ಟಿಲ್ಲವಂತೆ. ಇದನ್ನು ಕೇಳಿ ನಾನು ಫೋನು ಇಟ್ಟು ಗೋಡೆಗೆ ಒರಗಿ ಕುಳಿತುಬಿಟ್ಟೆ. ಆರನೇ ಕ್ಲಾಸಿನಲ್ಲಿ ಪಕ್ಕದ ಮನೆಯ ರೇಡಿಯೋ ಬಿಚ್ಚಿ ಜೋಡಿಸಿದ ಕೈ ಅದು. ಆ ಕೈ ಕೆಟ್ಟದ್ದು ಎಂದು ನಿನಗೆ ಕಲಿಸಿದವಳು ನಾನು. ಮತೀನ್ ನಾಲ್ಕು ಗಂಟೆಗೆ ಬರುತ್ತಾನೆ. ಗೊತ್ತಲ್ಲ, ಹಿಂಡುಗಳಿಗೆ ಹೋಗಿ ಟಗರು ಆರಿಸಿ ರಾಯಚೂರಿನ ಸಂತೆಗೆ ತರುವ ಮತೀನ್. ಈ ಕಾಗದವನ್ನು ನಿನ್ನ ಕೈಗೇ ಕೊಡುತ್ತೇನೆ ಎಂದು ಒಪ್ಪಿಕೊಂಡಿದ್ದಾನೆ.

ಸಿದ್ದಾ, ಕಂಪ್ಯೂಟರು ಸಾಯುತ್ತಿದ್ದದ್ದು ಯಾಕೆ ಎಂದು ಗೊತ್ತಾಯಿತು. ನಿನ್ನ ತಪ್ಪಲ್ಲ. ಒಂದು ಸ್ಕ್ರೂವಿನಷ್ಟೂ ನಿನ್ನ ತಪ್ಪಲ್ಲ. ಇದನ್ನೇ ಮೊದಲ ಸಾಲಿನಲ್ಲಿ ಬರೆಯಬೇಕಿತ್ತು. ಆದರೆ ಕ್ಷೇಮ ಕೇಳದೆ ಸುದ್ದಿ ಬರೆಯಬಾರದು ಎಂದು ಅಪ್ಪ ಕಲಿಸಿದ್ದು ಕೈಯಲ್ಲಿ ಕೂತುಬಿಟ್ಟಿದೆ. ಮೊದಲಿನಿಂದ ಹೇಳುತ್ತೇನೆ, ಸಮಾಧಾನದಿಂದ ಓದು. ನನಗೇ ಸಮಾಧಾನವಿಲ್ಲ, ಅಕ್ಷರಗಳು ಓಡುತ್ತಿವೆ.

ನೀನು ಅದನ್ನು ಜೋಡಿಸಿದ ದಿನ ನೆನಪಿದೆಯಾ? ನೀನು ರಾಯಚೂರಿನಲ್ಲಿ ಗೌತಮನ ಕಂಪ್ಯೂಟರ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ, ಒಂದೊಂದೇ ಭಾಗ ಆರಿಸಿ ತಂದು ಪಡಸಾಲೆಯ ಬಂಡೆಗಲ್ಲಿನ ಮೇಲೆ ಹರಡಿಕೊಂಡು ಕುಳಿತಿದ್ದೆ. ನಾನು ಮದುವೆ ವಿಡಿಯೋಗಳನ್ನು ಕೂಡಿಸುವ ಕೆಲಸವನ್ನು ಬಂದೇನವಾಜನ ಸ್ಟುಡಿಯೋದಲ್ಲಿ ಅವನ ಸ್ಟೂಲಿನ ಮೇಲೆ ಕೂತು ಮಾಡುತ್ತಿದ್ದೆ, ಇನ್ನು ಮೇಲೆ ಮನೆಯಲ್ಲೇ ಮಾಡು ಅಕ್ಕಾ ಎಂದು ನೀನೇ ಮುಂದೆ ಬಂದದ್ದು. ಕರೆಂಟನ್ನು ಒಳಗಿನ ಎಲ್ಲ ಭಾಗಗಳಿಗೆ ಹಂಚುವ ಆ ತಗಡಿನ ಡಬ್ಬಿ, ನೀವು ಎಸ್‌ಎಂಪಿಎಸ್ ಅನ್ನುವುದು, ಅದನ್ನು ಕ್ಯಾಬಿನೆಟ್ಟಿನ ತಳದಲ್ಲಿ ಕೂರಿಸುವಾಗ ನೀನು ಎರಡು ಸಲ ತಿರುವಿ ನೋಡಿದೆ. ಅನ್ನದ ಗಡಿಗೆ ತಿರುವಿದ ಹಾಗೆ ಏನು ತಿರುವುತ್ತೀಯೋ ಎಂದು ನಾನು ಕಾಡಿಸಿದೆ. ಆಗ ನೀನು ಹೇಳಿದ್ದನ್ನು ನಾನು ಈ ದಿನಗಳಲ್ಲಿ ಎಷ್ಟು ಸಲ ಮನಸ್ಸಿನಲ್ಲಿ ಆಡಿಕೊಂಡಿದ್ದೇನೋ: "ಇದ್ಕೂ ಉಸುರು ಬೇಕಲ್ಲ ಅಕ್ಕಾ. ಫ್ಯಾನ್ ಮ್ಯಾಲ ಮುಖ ಮಾಡಿದ್ರ ಒಳಗಿನ ಬಿಸಿ ಗಾಳಿನ ಮತ್ತ ಮತ್ತ ಕುಡೀತದ. ಕೆಳಗ ಮುಖ ಮಾಡಿದ್ರ ಹೊರಗಿನ ತಣ್ಣನ ಗಾಳಿ ತಗೊಂಡು ಹಿಂದಕ ಬಿಡ್ತದ. ಬಾಳ ದಿನ ಬಾಳ್ತದ." ಕೆಳಗೆ ಮುಖ ಮಾಡಿ ಕೂರಿಸಿದೆ. ಕ್ಯಾಬಿನೆಟ್ಟಿನ ತಳದಲ್ಲಿ ಅದಕ್ಕೆಂದೇ ಜಾಳಿಗೆ ಇತ್ತು, ಬೆರಳಿಟ್ಟು ತೋರಿಸಿದೆ. ನಾನು ಹೂಂ ಎಂದೆ, ತಲೆಗೆ ಹೋಗಲಿಲ್ಲ.

ಅವ್ವ ಭಂಡಾರ ಹಚ್ಚಿ, ಕಾಯಿ ಒಡೆದು, ಆಮೇಲೆ ಒಳಗೆ ಹೋಗಿ ಕಂಬಳಿ ತಂದಳು. ನಮ್ಮದೇ ಕುರಿಯ ಉಣ್ಣೆಯಿಂದ ಅಪ್ಪ ನೇಯಿಸಿದ ಕರಿ ಕಂಬಳಿ. "ಅನ್ನ ಕೊಡೂ ಸಾಮಾನು ಬರೇ ನೆಲದ ಮ್ಯಾಲ ಕೂಡಬಾರ್ದು" ಎಂದು ನಾಲ್ಕು ಮಡಿಕೆ ಮಾಡಿ ಮಣೆಯ ಮೇಲೆ ಹಾಸಿದಳು. ನೀನೇ ಎರಡೂ ಕೈಯಲ್ಲಿ ಎತ್ತಿ ಅದರ ಮೇಲೆ ಕೂರಿಸಿದೆ. ನಮ್ಮಲ್ಲಿ ಇದು ಹೊಸದೇ? ಮದುಮಕ್ಕಳನ್ನು ಕಂಬಳಿಯ ಮೇಲೆ ಕೂರಿಸುತ್ತೇವೆ, ದೇವರ ಪೆಟ್ಟಿಗೆಯನ್ನು ಕಂಬಳಿಯ ಮೇಲೆ ಇಡುತ್ತೇವೆ, ಹಿರಿಯರು ಬಂದರೆ ಕಂಬಳಿ, ಪಂಚಾಯ್ತಿ ಕೂತರೆ ಕಂಬಳಿ. ಬೇರೆ ಯಾರ ಮನೆಯಲ್ಲಾದರೂ ಕಂಪ್ಯೂಟರಿನ ಕೆಳಗೆ ಹೀಗೆ ಒಂದು ಹಾಸಿಗೆ ಇದ್ದಿದ್ದರೆ ನೀನು ಬಾಗಿಲಲ್ಲೇ ನಿಂತು ಇದೇನ್ರೀ ಎಂದು ಕೇಳುತ್ತಿದ್ದೆ. ನಮ್ಮ ಮನೆಯಲ್ಲಿ ಕೇಳಲಿಲ್ಲ. ನಮ್ಮ ಕಣ್ಣಿಗೆ ಕಂಬಳಿ ಒಂದು ವಸ್ತುವಲ್ಲ ಸಿದ್ದಾ, ಅದು ನೆಲ.

ಚಳಿಗಾಲದಲ್ಲಿ ಏನೂ ಆಗಲಿಲ್ಲ, ಫೋಟೋ ಆಲ್ಬಮ್ಮಿನ ಹಗುರ ಕೆಲಸ. ಏಪ್ರಿಲ್‌ನಲ್ಲಿ ಮದುವೆಗಳು ಶುರುವಾದವು, ಮೂರು ಮೂರು ತಾಸಿನ ವಿಡಿಯೋ. ಎಲ್ಲ ತುಂಡುಗಳನ್ನು ಕೂಡಿಸಿ ಒಂದೇ ಫೈಲು ಮಾಡಲು ಬಿಟ್ಟರೆ ಹದಿಮೂರೋ ಹದಿನಾಲ್ಕೋ ನಿಮಿಷಕ್ಕೆ ಟಪ್ಪೆಂದು ಬಂದ್. ಅರ್ಧ ತಾಸು ಬಿಟ್ಟರೆ ಏನೂ ಆಗದವರ ಹಾಗೆ ಮತ್ತೆ ಹತ್ತುತ್ತಿತ್ತು. ಊರಿನವರೆಲ್ಲ ವೈದ್ಯರಾದರು. ರಾಯಚೂರು ಜಿಲ್ಲೆಯ ಬಿಸಿಲಿಗೆ ಮನುಷ್ಯರೇ ಬೀಳುತ್ತಾರೆ, ಅದು ಯಾವ ಲೆಕ್ಕ ಎಂದರು. ವೋಲ್ಟೇಜು ಎಂದರು. ಅರ್ಥಿಂಗ್ ಇಲ್ಲ ಎಂದರು, ನೀನು ಹಿತ್ತಲಲ್ಲಿ ಗುಂಡಿ ತೋಡಿ ಉಪ್ಪು ಇದ್ದಿಲು ಹಾಕಿ ದಿನಾ ನೀರು ಹೊಯ್ದೆ. ಅವ್ವ ಮೆಣಸಿನಕಾಯಿ ನಿವಾಳಿಸಿದಳು. ಐದು ಸಲ ನೀನು ಅದನ್ನು ಅವ್ವನ ಹಳೆ ಸೀರೆಯಲ್ಲಿ ಸುತ್ತಿ, ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ರಾಯಚೂರಿಗೆ ಒಯ್ದೆ. ಐದು ಸಲವೂ ಗೌತಮನ ಮೇಜಿನ ಮೇಲೆ ಅದು ದಿನವಿಡೀ ಓಡಿತು. "ನಿಮ್ಮ ಮನ್ಯಾಗ ದೆವ್ವ ಅದ ಏನಪಾ" ಎಂದು ಗೌತಮ ನಕ್ಕನಂತೆ. ನೀನು ಒಳಗಿನ ಬಿಸಿ ಹೀರುವ ಪೇಸ್ಟ್ ಬದಲಿಸಿದೆ, ಧೂಳು ಊದಿದೆ, ಮೆಮೊರಿ ಬದಲಿಸಿದೆ, ಎಸ್‌ಎಂಪಿಎಸ್ಸನ್ನೇ ಹೊಸದು ಹಾಕಿಸಿಕೊಂಡು ಬಂದೆ, ಅದನ್ನೂ ಕೆಳಮುಖವಾಗಿಯೇ. ನೀನು ಒಯ್ಯುತ್ತಿದ್ದದ್ದು ಕಂಪ್ಯೂಟರನ್ನು. ಕಂಬಳಿ ಇಲ್ಲೇ ಇರುತ್ತಿತ್ತು. ನೀನು ಬರುವಷ್ಟರಲ್ಲಿ ಅವ್ವ ಅದನ್ನು ಕೊಡವಿ, ಹೊಸದಾಗಿ ಮಡಿಕೆ ಮಾಡಿ, ಹಾಸಿ ಕಾಯುತ್ತಿದ್ದಳು.

ಪೋತ್ನಾಳದ ಗುಲ್ಫಶಾಳ ಮದುವೆ ವಿಡಿಯೋ ಕೆಟ್ಟ ದಿನಕ್ಕೆ ಬರುತ್ತೇನೆ. ಬರೆಯದೆ ದಾಟಿ ಹೋಗೋಣ ಎಂದುಕೊಂಡೆ, ಕೈ ಒಪ್ಪಲಿಲ್ಲ. ಅರ್ಧಕ್ಕೆ ಬಂದ್ ಬಿದ್ದಾಗ ಡಿಸ್ಕಿನಲ್ಲಿ ಬರೆಯುತ್ತಿದ್ದ ಫೈಲಿನ ಜೊತೆ ಕ್ಯಾಮೆರಾದಿಂದ ಇಳಿಸಿಕೊಂಡದ್ದೂ ಹಾಳಾಯಿತು, ಹುಡುಗಿ ತವರಿನ ಹೊಸ್ತಿಲು ದಾಟುವ ಅರ್ಧ ತಾಸು ಹೋಯಿತು. ಕ್ಯಾಮೆರಾದ ಕಾರ್ಡಿನಲ್ಲಿ ಮೂಲ ಇರಬೇಕಿತ್ತು. ಅದನ್ನು ಮರುದಿನದ ಮದುವೆಗೆ ಬೇಕೆಂದು ಅಳಿಸಿದವಳು ನಾನು. ಈ ಮಾತನ್ನು ಅಂದು ನಾನು ಯಾರಿಗೂ ಹೇಳಲಿಲ್ಲ. ಗುಲ್ಫಶಾ ಬಂದಿದ್ದಳು, ಅವಳ ತಂದೆ ಶಂಶುದ್ದೀನ್ ಸಾಹೇಬರು ಬಂದಿದ್ದರು, ಬಂದೇನವಾಜ್ ತಲೆ ತಗ್ಗಿಸಿ ನಿಂತಿದ್ದ. ಸಾಹೇಬರು ಒಂದೇ ಒಂದು ಗಟ್ಟಿ ಮಾತು ಆಡಲಿಲ್ಲ, "ಹೋಗ್ಲಿ ಬಿಡ್ರಿ, ಹುಡುಗಿ ಸುಖವಾಗಿ ಅದಾಳಲ್ಲ" ಎಂದರು. ಅವರು ಬೈದಿದ್ದರೆ ನಾನು ಅಳುತ್ತಿದ್ದೆ, ಅಷ್ಟಕ್ಕೇ ಮುಗಿಯುತ್ತಿತ್ತು. ಬೈಯಲಿಲ್ಲವಾದ್ದರಿಂದ ನನ್ನ ನಾಚಿಕೆಗೆ ಹೋಗಲು ದಾರಿ ಸಿಗಲಿಲ್ಲ, ನಿನ್ನ ಮೇಲೆ ತಿರುಗಿತು.

ನೀನು ಸ್ಕ್ರೂಡ್ರೈವರ್ ಹಿಡಿದು ಕುಕ್ಕರಗಾಲಲ್ಲಿ ಕುಳಿತಿದ್ದೆ. "ಅಕ್ಕಾ, ಇದೊಂದ್ಸಲ ಫ್ಯಾನ್ ಮ್ಯಾಲ ಮುಖ ಮಾಡಿ ತಿರುವಿ ಹಾಕಿ ನೋಡ್ತೀನಿ, ಇದೊಂದು ಉಳದದ" ಎಂದೆ. ನಾನು ನಿನ್ನ ಕೈಯಿಂದ ಅದನ್ನು ಕಿತ್ತುಕೊಂಡೆ. ಎಲ್ಲರ ಮುಂದೆ ಅಂದೆ: "ನಿನ್ನ ಕೈಗುಣಾನ ಸರಿ ಇಲ್ಲ. ಹೋಗಿ ಕುರಿ ಕಾಯಿ. ಕುರಿಯಾದ್ರ ನಡಬರಕ ಬಂದ್ ಬೀಳೂದಿಲ್ಲ." ಬಂದೇನವಾಜನ ಹುಡುಗರು ನಕ್ಕರು. ನೀನು ಬಿಚ್ಚಿದ ಸ್ಕ್ರೂಗಳನ್ನು ಒಂದೊಂದಾಗಿ ಬೆರಳಿನಿಂದಲೇ ತಿರುವಿ ಹಾಕಿದೆ, ಮುಚ್ಚಳ ಮುಚ್ಚಿದೆ, ಅಂಗಿ ಹಾಕಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಪ್ಪ ಇದನ್ನು ನನಗೆ ಅಂದದ್ದು ನೂರು ಸಲ, ನಾನು ಕೇಳಿದ್ದು ನೀನು ಹೋದ ಮೇಲೆ. ನಿನಗೆ ಗೊತ್ತಾ ಸಿದ್ದಾ, ಅಂದು ನಾನು ಸುಮ್ಮನಿದ್ದು, ನೀನು ಆ ಡಬ್ಬಿಯನ್ನು ತಿರುವಿ ಹಾಕಿದ್ದರೆ ಅದು ಓಡುತ್ತಿತ್ತು. ನೀನು ಅದರ ಕಾಯಿಲೆಯ ಬುಡಕ್ಕೆ ಒಂದು ಗೇಣು ದೂರದಲ್ಲಿದ್ದೆ, ನಾನು ಕೈ ಹಿಡಿದು ಎಳೆದುಬಿಟ್ಟೆ.

ಈಗ ಗೊತ್ತಾದದ್ದು ಹೇಗೆ ಎಂದು ಹೇಳುತ್ತೇನೆ. ನೀನು ಹೋದ ಮೇಲೆ ದೊಡ್ಡ ಕೆಲಸ ಹಿಡಿಯದೆ ಹಗುರದ್ದನ್ನೇ ಮಾಡಿಕೊಂಡು ಬಂದೆ. ಮೊನ್ನೆ ಗುರುವಾರ ಅವ್ವ ಕಂಬಳಿಯನ್ನು ಅಂಗಳದ ಬಿಸಿಲಿಗೆ ಹಾಕಲು ತೆಗೆದುಕೊಂಡು ಹೋದಳು. ಕಂಪ್ಯೂಟರು ಬರಿ ಮಣೆಯ ಮೇಲಿತ್ತು. ನನಗೆ ಏನು ಅನ್ನಿಸಿತೋ, ಹಳೆಯ ಒಂದು ಮದುವೆಯ ವಿಡಿಯೋ ಹಾಕಿ ಬಿಟ್ಟೆ, ಹೇಗೂ ಹದಿನಾಲ್ಕನೇ ನಿಮಿಷಕ್ಕೆ ಸಾಯುತ್ತದೆ ಎಂದು ಹಿತ್ತಲಿಗೆ ಬಟ್ಟೆ ಒಗೆಯಲು ಹೋದೆ. ಬಂದು ನೋಡಿದರೆ ಓಡುತ್ತಿದೆ. ಒಂದು ತಾಸಾಯಿತು, ಓಡುತ್ತಿದೆ. ಎರಡು ತಾಸಿಗೆ ವಿಡಿಯೋ ಪೂರ್ತಿಯಾಗಿ ಹೊರಗೆ ಬಂತು. ನನಗೆ ಸಂತೋಷವಾಗಲಿಲ್ಲ, ಹೆದರಿಕೆಯಾಯಿತು. ಸಂಜೆ ಅವ್ವ ಕಂಬಳಿ ಹಾಸಿದಳು, ಮತ್ತೆ ಹಾಕಿದೆ, ಹದಿನೈದನೇ ನಿಮಿಷಕ್ಕೆ ಬಂದ್. ಆಗ ಕೆಳಗೆ ಕೈ ಹಾಕಿ ನೋಡಿದೆ. ನಾಲ್ಕು ರಬ್ಬರಿನ ಕಾಲುಗಳು ಉಣ್ಣೆಯಲ್ಲಿ ಪೂರ್ತಿ ಹುಗಿದುಹೋಗಿದ್ದವು. ಜಾಳಿಗೆ ಕಂಬಳಿಗೆ ಬಾಯಿ ಕೊಟ್ಟುಕೊಂಡು ಕೂತಿತ್ತು. ಮರಿ ಮಲಗಿ ಎದ್ದ ಜಾಗದ ಹಾಗೆ ಆ ಕಂಬಳಿ ಬೆಚ್ಚಗಿತ್ತು. ಜಾಳಿಗೆಯ ತುಂಬ ಕರಿ ಉಣ್ಣೆಯ ಎಳೆಗಳು.

ಅದು ಕೆಳಗಿನಿಂದ ಗಾಳಿ ಎಳೆಯಬೇಕು ಎಂದು ನೀನು ಹೇಳಿದ್ದೆಯಲ್ಲ, ಕೆಳಗೆ ಗಾಳಿ ಇರಲೇ ಇಲ್ಲ. ಹಗುರ ಕೆಲಸಕ್ಕೆ ಹೇಗೋ ತಡೆದುಕೊಳ್ಳುತ್ತಿತ್ತು, ಭಾರದ ಕೆಲಸ ಬಂದಾಗ ಒಳಗೇ ಕಾದು, ಸುಟ್ಟುಹೋಗುವ ಮೊದಲು ತಾನಾಗಿ ಬಂದ್ ಆಗಿ ಜೀವ ಉಳಿಸಿಕೊಳ್ಳುತ್ತಿತ್ತು. ಇದು ಅದರ ಬುದ್ಧಿವಂತಿಕೆ, ನಾವು ರೋಗ ಎಂದುಕೊಂಡೆವು. ಗೌತಮನ ಮೇಜು ತಗಡಿನದು, ಅಲ್ಲಿ ಕಂಬಳಿ ಎಲ್ಲಿಂದ ಬರಬೇಕು? ನೀನು ತಪ್ಪಾಗಿ ಮೇಲ್ಮುಖ ಮಾಡಿ ಕೂರಿಸಿದ್ದರೆ ನಮಗೆ ಈ ಗತಿ ಬರುತ್ತಿರಲಿಲ್ಲ. ಸರಿಯಾಗಿ ಕೂರಿಸಿದ್ದೇ ನಿನಗೆ ಮುಳುವಾಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಜನ ಆಡಿಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ನಿಜವಾಗಿಯೂ ನೆಲವೇ ಡೊಂಕಾಗಿತ್ತು, ನಾನು ಕುಣಿಯುವವನ ಕಾಲು ಮುರಿದೆ.

ಒಂದು ಮಾತು ಕೇಳಿಕೊಳ್ಳುತ್ತೇನೆ. ಅವ್ವನಿಗೆ ಇದನ್ನು ಹೇಳಿಲ್ಲ, ನೀನೂ ಹೇಳಬೇಡ. ಅಪ್ಪನ ಕಂಬಳಿ, ಅವಳ ಕೈಯಾರೆ ಹಾಸಿದ್ದು, ಅದೇ ತನ್ನ ಮಗನನ್ನು ಮನೆಯಿಂದ ಹೊರಗೆ ಹಾಕಿತು ಎಂದು ತಿಳಿದರೆ ಆ ಜೀವ ತಡೆದುಕೊಳ್ಳಲಾರದು. ಯಾರಾದರೂ ಕೇಳಿದರೆ ಧೂಳು ಕೂತಿತ್ತು, ಒರೆಸಿದೆವು ಎನ್ನೋಣ. ಬಂದೇನವಾಜನ ಮುಂದೆ, ಗೌತಮನ ಮುಂದೆ ನಿನ್ನ ಹೆಸರು ತೊಳೆಯುವುದು ನನ್ನ ಕೆಲಸ. ನಾನೇ ಹೋಗಿ ಹೇಳುತ್ತೇನೆ. ಗುಲ್ಫಶಾಳಿಗೆ ಕಾರ್ಡು ಅಳಿಸಿದವಳು ನಾನು ಎಂದೂ ಹೇಳುತ್ತೇನೆ. ನೀನು ಮಂಗಳವಾರ ಗಡಿ ದಾಟಬೇಡ. ಇಷ್ಟೇ ಬೇಡುತ್ತೇನೆ. ಸಿಟ್ಟಿದ್ದರೆ ಬಂದು ಇಲ್ಲಿ ಮಾಡು. ಒಂದು ವಾರ ಮಾತಾಡಬೇಡ, ಒಂದು ವರ್ಷ ಮಾತಾಡಬೇಡ, ಎದುರಿಗೆ ಕೂತು ಮಾತು ಬಿಡು. ಗಡಿ ದಾಟಿ, ಆರು ತಿಂಗಳು ಆ ಕೈ ಕೆಟ್ಟದ್ದು ಎಂದುಕೊಂಡೇ ತಿರುಗಿದರೆ, ಆಮೇಲೆ ದೇವರೇ ಬಂದು ಹೇಳಿದರೂ ನೀನು ನಂಬುವುದಿಲ್ಲ. ನಿನ್ನ ಹಟ ನನಗೆ ಗೊತ್ತು, ಒಂದೇ ಹಾಲು ಕುಡಿದವರು.

ಮಾವನಿಗೆ ನನ್ನ ನಮಸ್ಕಾರ ಹೇಳು, ಇಪ್ಪತ್ತು ಕುರಿಯ ಮಾತು ಆಡಿದ್ದಕ್ಕೆ ಅವನ ಮೇಲೆ ಸಿಟ್ಟಿಲ್ಲ ಎಂದೂ ಹೇಳು. ಅವ್ವನ ಆಶೀರ್ವಾದ ರೊಟ್ಟಿಯ ಗಂಟಿನಲ್ಲಿ ಇರುತ್ತದೆ, ಬೇರೆಯಾಗಿ ಬರೆಯುವುದಿಲ್ಲ. ಬೀರಪ್ಪ ನಿನ್ನ ಕಾಲಿಗೆ ಇನ್ನೊಂದು ಮುಳ್ಳು ಚುಚ್ಚದಿರಲಿ.

ನಿನ್ನ ಬಾಯಿಬಡುಕಿ ಅಕ್ಕ,
ಭಾಗ್ಯಜ್ಯೋತಿ

ತಾ.ಕ.: ಮತೀನ್ ಬಂ‌ದು ಬಾಗಿಲಲ್ಲಿ ಗಾಡಿ ನಿಲ್ಲಿಸಿದ್ದಾನೆ. ಕಾಗದ ಮಡಚಿ ಕೊಡಲು ಹೋದರೆ ಅವ್ವ ರೊಟ್ಟಿಯ ಗಂಟು ಹಿಡಿದು ನಡುವೆ ನಿಂತಳು. "ಏನ್ ಬರ್ದಿ, ಓದು" ಎಂದಳು. ಬೇಡ ಎಂದೆ, ಬಿಡಲಿಲ್ಲ. ಅವಳಿಗೆ ಓದಲು ಬರುವುದಿಲ್ಲ, ಕಂಬಳಿಯ ಸಾಲುಗಳನ್ನು ಹಾರಿಸಿ ಓದಿದರಾಯಿತು ಎಂದು ಶುರು ಮಾಡಿದೆ. ಓದುವ ಭರದಲ್ಲಿ ಬಾಯಿ ತಪ್ಪಿ "ಮೊನ್ನೆ ಗುರುವಾರ ಅವ್ವ ಕಂಬಳಿಯನ್ನು ಬಿಸಿಲಿಗೆ" ಎಂಬುದು ಬಂದುಬಿಟ್ಟಿತು. ಅವ್ವ ಅಲ್ಲೇ ತಡೆದಳು. "ಮೊನ್ನಿ ಎಲ್ಲಿ ಹಾಕೀನಿ? ಮೊನ್ನಿ ಇಡೀ ದಿನ ಮಳಿ. ನಾ ಬಿಸಲಿಗಿ ಹಾಕಿದ್ದು ಅವ ಹ್ವಾದ ಮುಂದಿನ ವಾರ, ಮೇ ತಿಂಗಳದಾಗ."

ಹೌದು ಸಿದ್ದಾ. ಬಿಸಿಲಿಗೆ ಹಾಕಿದ್ದು ನಿಜ, ಎರಡು ತಾಸು ಓಡಿದ್ದು ನಿಜ, ತಿಂಗಳು ಮಾತ್ರ ಸುಳ್ಳು. ನೀನು ಹೋದ ಎಂಟನೇ ದಿನವೇ ನನಗೆ ಗೊತ್ತಾಯಿತು. ಹಗುರ ಕೆಲಸ ಮಾಡಿಕೊಂಡಿದ್ದೆ ಎಂಬುದೂ ಸುಳ್ಳು. ಅವ್ವ ಅಂಗನವಾಡಿಯ ಅಡುಗೆಗೆ ಹೋದ ಕೂಡಲೇ ಕಂಬಳಿ ತೆಗೆಯುತ್ತಿದ್ದೆ, ಅವಳು ಬರುವ ಮೊದಲು ಹಾಸಿಬಿಡುತ್ತಿದ್ದೆ. ಹನ್ನೊಂದು ಮದುವೆಯ ವಿಡಿಯೋ ಮುಗಿಸಿ ಕೊಟ್ಟೆ. "ನಿಮ್ಮ ತಮ್ಮ ಬಿಟ್ಟು ಹ್ವಾದ ಮ್ಯಾಗ ಮಷಿನ್ ಸರಿ ಆತು ನೋಡ್ರಿ" ಎಂದು ಬಂದೇನವಾಜ್ ಅಂದ. ನಾನು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ, ಚಹಾ ಕುಡಿದೆ. ಆ ಮಾತನ್ನೇ ಮತೀನ್ ಜುಲೈಯಲ್ಲಿ ಹಿಂಡಿಗೆ ಬಂದಾಗ ನಿನಗೆ ಹೇಳಿದನಂತೆ, ಈಗ ಬಾಗಿಲಲ್ಲಿ ನಿಂತು ಒಪ್ಪಿಕೊಂಡ. ನೀನು ಬ್ಯಾಟ್ರಿ ಮುಟ್ಟದೆ ಇರುವುದು ಅಂದಿನಿಂದ. ಅವ್ವ ತಡೆದುಕೊಳ್ಳಲಾರಳು ಎಂದು ನನಗೆ ನಾನೇ ಹೇಳಿಕೊಂಡು ನಾಲ್ಕು ತಿಂಗಳು ಸುಮ್ಮನಿದ್ದೆ.

ಅವ್ವ ತಡೆದುಕೊಂಡಳು. ಎಲ್ಲವನ್ನೂ ಕೇಳಿ ಅಂದದ್ದು ಇಷ್ಟೇ: "ಹಾಸಿದಾಕಿಗೆ ತಗ್ಯಾಕ ಬರೂದಿಲ್ಲೇನ? ಮದಲಾ ಹೇಳಿದ್ರ ಎತ್ತಿ ಒಗೀತಿದ್ದೆ. ನನ್ನ ಹೆಸರ ಮುಂದ ಮಾಡಿ ನಿನ್ನ ಮಾನ ಉಳಿಸ್ಕೊಂಡಿ." ನನ್ನ ಮುಖ ನೋಡಲಿಲ್ಲ. ಸೆರಗು ಕಟ್ಟಿಕೊಂಡು ಮತೀನನ ಗಾಡಿಯ ಹಿಂದೆ ಕುಳಿತುಬಿಟ್ಟಿದ್ದಾಳೆ, ಮಂಡಿನೋವಿನ ಕಾಲು ಇಳಿಬಿಟ್ಟುಕೊಂಡು. ತಾನೇ ಯಾಪಲದಿನ್ನಿಗೆ ಬಂದು ನಿನ್ನನ್ನು ಕರೆಯುತ್ತಾಳಂತೆ. ಕಾಗದದಲ್ಲಿ ಖರೆ ಬರಿ, ಇಲ್ಲದಿದ್ದರೆ ನಾನೇ ಹೇಳುತ್ತೇನೆ ಎಂದು ಅಲ್ಲಿಂದಲೇ ಕೂಗುತ್ತಿದ್ದಾಳೆ. ಮೇಲಿನ ಸುಳ್ಳುಗಳನ್ನು ಹೊಡೆದು ಹಾಕಿಲ್ಲ, ನೀನೇ ನೋಡು. ನಾನೂ ಬರಬೇಕಿತ್ತು, ನಿನ್ನ ಎದುರು ನಿಲ್ಲಲು ಮುಖವಿಲ್ಲ. ನೀನು ಮನೆಗೆ ಬಂದಾಗ ನಾನು ಇಲ್ಲಿರಬೇಕೋ, ದೇವದುರ್ಗದ ಚಿಕ್ಕವ್ವನ ಮನೆಗೆ ಹೋಗಿರಬೇಕೋ, ಮತೀನನ ಫೋನಿನಿಂದ ಅವ್ವನ ಕೈಲಿ ಒಂದು ಮಾತು ಹೇಳಿಸು. ಹೋಗು ಎಂದರೆ ಕತ್ತಲಾಗುವ ಮೊದಲೇ ಬಸ್ಸು ಹತ್ತುತ್ತೇನೆ. ನೀನು ಬಾ.